ಮೋರಿ ಚೀಟಿ

ನಮ್ಮ ಬೀದಿಯ ಸಿಮೆಂಟ್ ರಸ್ತೆ ನಾಲ್ಕು ತುಂಡು. ಮಾರಮ್ಮನ ಗುಡಿಯಿಂದ ನಮ್ಮ ಮನೆ ದಾಟುವಷ್ಟರಲ್ಲಿ ನಾಲ್ಕು ಬಣ್ಣ ಕಾಣುತ್ತದೆ. ಮೊದಲನೆಯದು ಕಪ್ಪಿಟ್ಟು ಜಲ್ಲಿ ಮೇಲೆದ್ದಿದೆ. ಎರಡನೆಯದು ಎಂಎಲ್ಎ ಅನುದಾನದ್ದು. ಮೂರು ಮತ್ತು ನಾಲ್ಕು ನನ್ನ ಕಾಲದವು. ಇವೆರಡರ ನಡುವೆ ನಾಲ್ಕು ಹೆಜ್ಜೆ ಮಣ್ಣು ಹಾಗೇ ಉಳಿದಿದೆ. ಮಳೆ ಬಂದರೆ ಅಲ್ಲಿ ಎಮ್ಮೆ ಮಲಗುತ್ತದೆ.

ಆ ನಾಲ್ಕು ಹೆಜ್ಜೆ ಯಾಕೆ ಬಿಟ್ರಿ ಅಂತ ಜನ ಈಗಲೂ ಕೇಳುತ್ತಾರೆ. ದುಡ್ಡು ಅಲ್ಲಿಗೆ ಮುಗಿಯಿತು, ಅಷ್ಟೇ.

ನಮ್ಮದು ಶಿರಾ ಕಡೆಯ ಚಿಕ್ಕ ಊರು. 2020ರ ಡಿಸೆಂಬರ್‌ ಚುನಾವಣೆಯಲ್ಲಿ ಗೆದ್ದು ನಾನು ಗ್ರಾಮ ಪಂಚಾಯ್ತಿ ಸದಸ್ಯೆಯಾದೆ. ಅದಕ್ಕೂ ಮೊದಲು ಬಟ್ಟೆ ಹೊಲಿಯುತ್ತಿದ್ದೆ, ಈಗಲೂ ಹೊಲಿಯುತ್ತೇನೆ. ಪಂಚಾಯ್ತಿಗೆ ಸರ್ಕಾರದಿಂದ ಲಕ್ಷಗಟ್ಟಲೆ ಬರುತ್ತೆ ಅಂತ ಕೇಳಿದ್ದೆ. ಸುಳ್ಳಲ್ಲ, ಬರುತ್ತದೆ. ಆದರೆ ಬರುವಾಗಲೇ ಹೆಸರು ಬರೆಸಿಕೊಂಡು ಬರುತ್ತದೆ.

ಕೇಂದ್ರದಿಂದ ಬರುತ್ತಿದ್ದ 15ನೇ ಹಣಕಾಸು ಆಯೋಗದ ದುಡ್ಡನ್ನೇ ನೋಡಿ. 2021ರಿಂದ 2026ರ ಮಾರ್ಚ್‌ವರೆಗೆ ಅದರಲ್ಲಿ ನೂರಕ್ಕೆ 60 ಭಾಗ ಕಟ್ಟುಪಾಡಿನದಾಗಿತ್ತು: ಅರ್ಧ ಕುಡಿಯುವ ನೀರಿಗೆ, ಇನ್ನರ್ಧ ನೈರ್ಮಲ್ಯಕ್ಕೆ. ಉಳಿದ 40 ನಮಗೆ ಬೇಕಾದ ಕೆಲಸಕ್ಕೆ, ಸಂಬಳಕ್ಕೆ ಮಾತ್ರ ಮುಟ್ಟುವಂತಿರಲಿಲ್ಲ. ಕಟ್ಟುಪಾಡು ಹಾಕಿದ್ದು ತಪ್ಪು ಅಂತ ನಾನು ಹೇಳಲ್ಲ. ಹಾಕದಿದ್ದರೆ ಅಷ್ಟೂ ದುಡ್ಡು ರಸ್ತೆಗೇ ಹೋಗುತ್ತಿತ್ತು. ರಸ್ತೆ ಕಣ್ಣಿಗೆ ಕಾಣುತ್ತದಲ್ವಾ, ನೆಲದೊಳಗಿನ ಪೈಪು ಕಾಣಲ್ಲ.

ನಮಗೆ ಬೇಕಾಗಿದ್ದದ್ದು ಒಂದು ಮೋರಿ, ಅಂದರೆ ಹಳ್ಳ ದಾಟಲು ಚಿಕ್ಕ ಸೇತುವೆ. ಕೆರೆ ಕೋಡಿ ಹಳ್ಳಕ್ಕೆ ಅಜ್ಜಿ ಕಾಲದ ಎರಡು ಚಪ್ಪಡಿ ಹಾಸಿದ್ದರು. 2022ರ ಮಳೆಗೆ ಒಂದು ಚಪ್ಪಡಿ ಜಾರಿ ಬಿತ್ತು. ಉಳಿದ ಒಂದರ ಮೇಲೆ ಸ್ಕೂಲ್ ಮಕ್ಕಳು ಒಬ್ಬರ ಹಿಂದೆ ಒಬ್ಬರು ದಾಟುತ್ತಿದ್ದರು. ಒಂದು ದಿನ ಬೆಳಗ್ಗೆ ಡೇರಿಗೆ ಹಾಲು ತರುತ್ತಿದ್ದ ಹುಡುಗ ಬೈಕ್ ಸಮೇತ ಹಳ್ಳಕ್ಕೆ ಬಿದ್ದ. ಅವನಿಗೆ ಮೊಣಕೈ ತರಚಿತು, ಹಾಲು ಅಷ್ಟೂ ಹೋಯಿತು. ಅವರಮ್ಮ ಖಾಲಿ ಕ್ಯಾನ್ ತಂದು ನಮ್ಮ ಜಗಲಿ ಮೇಲೆ ಇಟ್ಟು ಹೋದರು. ಒಂದು ಮಾತೂ ಆಡಲಿಲ್ಲ.

ಇಂಜಿನಿಯರ್ ಬಂದು ಟೇಪ್ ಹಿಡಿದರು. ಎಸ್ಟಿಮೇಟ್ 2 ಲಕ್ಷ 80 ಸಾವಿರ.

ನೀರಿನ ದುಡ್ಡು ಖಾತೆಯಲ್ಲಿತ್ತು, ಆದರೆ ಮೋರಿ ಕುಡಿಯುವ ನೀರಲ್ಲ. ನರೇಗಾದಲ್ಲಿ ಮಾಡೋಣ ಅಂದೆ. 'ಮೇಡಂ, ಅದರಲ್ಲಿ ಕೂಲಿಗೆ 60, ಸಾಮಗ್ರಿಗೆ 40. ಮೋರಿ ಅಂದ್ರೆ ಬರೀ ಪೈಪು, ಸಿಮೆಂಟು. ಲೆಕ್ಕ ಕೂರಲ್ಲ' ಅಂದರು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ನಮ್ಮ ಪಿಡಿಒ. ಎಂಎಲ್ಎ ಅನುದಾನ ವರ್ಷಕ್ಕೆ 2 ಕೋಟಿ, ಅದು ಇಡೀ ಕ್ಷೇತ್ರಕ್ಕೆ. ಅರ್ಜಿ ಕೊಟ್ಟು ಬಂದೆ. ಆ ಅರ್ಜಿ ಈಗಲೂ ಅಲ್ಲೇ ಇರಬೇಕು.

ಉಳಿದದ್ದು ಆ 40 ಭಾಗ. ಅದು ಎಲ್ಲಿ ಹೋಗುತ್ತೆ ಅಂತ ಹೇಳುವುದಕ್ಕೆ ನನಗೂ ಸ್ವಲ್ಪ ನಾಚಿಕೆಯೇ. ನಾವು 17 ಸದಸ್ಯರು. ಕ್ರಿಯಾಯೋಜನೆ ಸಭೆಯಲ್ಲಿ ಪಿಡಿಒ ಮೊತ್ತ ಓದುತ್ತಿದ್ದ ಹಾಗೇ ಯಾರೋ ಮೊಬೈಲ್‌ನಲ್ಲಿ ಭಾಗಾಕಾರ ಶುರು ಮಾಡುತ್ತಿದ್ದರು. ತಲೆಗೆ 70 ಸಾವಿರ ಚಿಲ್ಲರೆ. ಯಾವ ಕಾನೂನಿನಲ್ಲೂ ಹೀಗೆ ಹಂಚಿ ಅಂತ ಬರೆದಿಲ್ಲ. ಆದರೂ ಸಭೆಯಲ್ಲಿ ಜಗಳವಿಲ್ಲದೆ ಮುಗಿಯುವ ಲೆಕ್ಕ ಇದೊಂದೇ. ಮೊದಲ ಎರಡು ವರ್ಷ ನಾನೂ 'ನನ್ನ ವಾರ್ಡಿನ ಪಾಲು' ಅಂತ ಟೇಬಲ್ ಕುಟ್ಟಿದವಳೇ. 70 ಸಾವಿರಕ್ಕೆ ಸುಮಾರು 20 ಮೀಟರ್ ರಸ್ತೆ ಬರುತ್ತದೆ. ನಮ್ಮ ಬೀದಿಯ ಮೂರನೇ, ನಾಲ್ಕನೇ ತುಂಡು ಹುಟ್ಟಿದ್ದು ಹೀಗೆ. ಆಮೇಲೆ ಜಲ ಜೀವನ್‌ ಮಿಷನ್‌ ಪೈಪ್ ಹಾಕಲು ಬಂದವರು ಎರಡರ ಅಂಚನ್ನೂ ಅಗೆದರು. ಆ ಕಥೆ ಇನ್ನೊಂದು ದಿನ ಬರೆಯುತ್ತೇನೆ.

ಒಂದು ರವಿಕೆ ಕಣವನ್ನು 17 ಜನಕ್ಕೆ ಕತ್ತರಿಸಿದರೆ ಎಲ್ಲರಿಗೂ ಒಂದೊಂದು ಕರ್ಚೀಫು ಸಿಗುತ್ತದೆ, ರವಿಕೆ ಯಾರಿಗೂ ಆಗಲ್ಲ. ಮೆಷಿನ್ ಮುಂದೆ ಕೂತಾಗ ಹೊಳೆದದ್ದು ಇದು. ಜೊತೆಗೆ ಚೀಟಿಯೂ ನೆನಪಾಯಿತು. ನಮ್ಮ ಬೀದಿಯ ಹೆಂಗಸರು ವರ್ಷಗಳಿಂದ ಚೀಟಿ ಹಾಕುತ್ತೇವೆ. ತಿಂಗಳಿಗೊಬ್ಬರು ಎತ್ತಿಕೊಳ್ಳುತ್ತೇವೆ. ಹೊಲಿಗೆ ಮೆಷಿನ್ ನಾನು ತಗೊಂಡದ್ದೂ ಹಾಗೇ. ಪಂಚಾಯ್ತಿ ದುಡ್ಡಿಗೆ ಯಾಕೆ ಆಗಬಾರದು?

2023ರಲ್ಲಿ ಪಕ್ಕದ ಮೂರು ವಾರ್ಡಿನ ಸದಸ್ಯರ ಮನೆಗೆ ಹೋದೆ. ನಾಲ್ಕೂ ಪಾಲು ಒಟ್ಟಿಗೆ ಹಾಕೋಣ, ವರ್ಷಕ್ಕೊಬ್ಬರ ವಾರ್ಡಿನ ಕೆಲಸಕ್ಕೆ ಅಂದೆ. ಇಬ್ಬರು ಹೆಂಗಸರು ಬೇಗ ಒಪ್ಪಿದರು, ಅವರಿಗೆ ಚೀಟಿ ಹೊಸದಲ್ಲ. ಮೂರನೆಯವರು ಗಂಡಸು, ನನಗಿಂತ ಚಿಕ್ಕವರು, ಬೋರ್‌ವೆಲ್ ಮೋಟರ್ ರಿಪೇರಿ ಮಾಡುತ್ತಾರೆ. ಅವರ ಬೀದಿಯ ಚರಂಡಿ ಕಟ್ಟಿಕೊಂಡಿತ್ತು. 'ಅಕ್ಕಾ, ಮೊದಲು ನಿಮ್ಮ ಮೋರಿ ಮಾಡಿಸಿಕೊಂಡು ಆಮೇಲೆ ಮರೀತೀರ' ಅಂದರು. ಇಲ್ಲ ಕಣಪ್ಪ, ಮೋರಿ ಮೇಲೆ ನಿನ್ನ ಮಗಳೂ ಓಡಾಡ್ತಾಳೆ ಅಂದೆ. ಅದಕ್ಕೆ ಸುಮ್ಮನಾದರು. ಮೊದಲ ವರ್ಷ ಮೋರಿ, ಆಮೇಲಿನದಕ್ಕೆ ಕಾಗದದ ಚೂರಿನಲ್ಲಿ ಹೆಸರು ಬರೆದು ಎತ್ತಿದೆವು. ಅವರದು ಕೊನೆಗೆ ಬಂತು.

ನಾವು ನಾಲ್ಕು ಜನ, ಉಳಿದಿದ್ದದ್ದು ಮೂರು ವರ್ಷದ ಅನುದಾನ. ಈ ಲೆಕ್ಕ ನನಗೆ ಆವತ್ತೇ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಮೋರಿ ಆಯಿತು. ಎರಡು ಸಾಲು ದೊಡ್ಡ ಸಿಮೆಂಟ್ ಪೈಪು, ಮೇಲೆ ಟ್ರ್ಯಾಕ್ಟರ್ ಹೋಗುವಷ್ಟು ಅಗಲ. ಕ್ಯೂರಿಂಗ್‌ಗೆ ಒದ್ದೆ ಗೋಣಿಚೀಲ ಹಾಸಿದ್ದರು. ಹತ್ತು ದಿನ ಸಂಜೆ ನಾನೇ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದೆ, ಕಂಟ್ರಾಕ್ಟರ್‌ನ ನಂಬಿಕೊಂಡು ಕೂರುವ ಹಾಗಿರಲಿಲ್ಲ. ಮುಂದಿನ ವರ್ಷ ಒಂದು ಬೀದಿ ಪೂರ್ತಿ ಸಿಮೆಂಟ್ ಕಂಡಿತು, ಒಂದೇ ಬಣ್ಣದ್ದು. ಅದರ ಮರುವರ್ಷ ಅಂಗನವಾಡಿ ಕಾಂಪೌಂಡ್. ಅಷ್ಟರಲ್ಲಿ ನಮ್ಮ ಐದು ವರ್ಷ ಮುಗಿಯಿತು.

ಮೊನ್ನೆ ಡೇರಿ ಮುಂದೆ ಆ ಮೋಟರ್ ರಿಪೇರಿಯವರು ಸಿಕ್ಕರು. ಮೋರಿ ದಾಟಿಕೊಂಡೇ ಬಂದಿದ್ದರು. ಹಾಲಿನ ಕ್ಯಾನ್ ಇಳಿಸುತ್ತಾ ನಕ್ಕರು.

'ಅಕ್ಕಾ, ನನ್ನ ಚೀಟಿ ಯಾವಾಗ?'

ನನ್ನ ಸರದಿ ಬಂದಿತ್ತು. ಹಾಲು ಅಳೆಯುವವನ ಕಡೆ ತಿರುಗಿ, ಫ್ಯಾಟ್ ಎಷ್ಟು ಬಂತಪ್ಪ ಅಂದೆ.