ನ್ಯಾಚುರಲ್ ಬ್ರಿಡ್ಜಸ್‌ಗೆ ಹೋಗುವುದಾದರೆ ಕಡಲಿನ ಇಳಿತ ನೋಡಿ ಹೊರಡಿ

ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಊರಿನ ಪಶ್ಚಿಮ ಅಂಚಿನಲ್ಲಿ ನ್ಯಾಚುರಲ್ ಬ್ರಿಡ್ಜಸ್ ಸ್ಟೇಟ್ ಬೀಚ್ ಎಂಬ 65 ಎಕರೆಯ ಪುಟ್ಟ ಸರ್ಕಾರಿ ಉದ್ಯಾನವಿದೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ನಮ್ಮವರು ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಗೋಲ್ಡನ್ ಗೇಟ್, ಯೊಸೆಮಿಟಿ ಎಂದು ಸುತ್ತಿಸಿ ಸುಸ್ತು ಮಾಡಿಸುತ್ತಾರೆ. ಇಲ್ಲಿಗೆ ಕರೆತರುವವರು ಕಡಿಮೆ. ಬಂದವರಲ್ಲೂ ಬಹಳ ಮಂದಿ ನೀರಿನಲ್ಲಿ ನಿಂತ ತೂತುಬಂಡೆಯ ಮುಂದೆ ಫೋಟೊ ತೆಗೆಸಿಕೊಂಡು ಅರ್ಧ ಗಂಟೆಯಲ್ಲಿ ಕಾರು ಹತ್ತುತ್ತಾರೆ. ಅಲ್ಲಿ ನೋಡುವಂಥದ್ದು ಏನೂ ಇಲ್ಲವೆಂದು ನನಗೂ ಸ್ನೇಹಿತರು ಹೇಳಿದ್ದರು. ಖಂಡಿತ ಇದೆ, ಹೊತ್ತು ನೋಡಿ ಹೋಗಬೇಕು ಅಷ್ಟೆ.

ನೀರು ಸರಿದಾಗಲೇ ಬಂಡೆಯ ಹೊಂಡಗಳಲ್ಲಿನ ಜೀವಿಗಳು ಕಾಣುವುದು, ಹಾಗಾಗಿ ಹೊರಡುವ ದಿನವನ್ನು ಕಡಲಿನ ಇಳಿತ ನೋಡಿ ಗೊತ್ತು ಮಾಡಿ. ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾದ ಜಾಲತಾಣದಲ್ಲಿ ಉಬ್ಬರವಿಳಿತದ ಪಟ್ಟಿ ಉಚಿತವಾಗಿ ಸಿಗುತ್ತದೆ. ನೀರಿನ ಮಟ್ಟ ಒಂದು ಅಡಿಗಿಂತ ಕೆಳಗಿಳಿಯುವ ದಿನ ಆರಿಸಿಕೊಳ್ಳಿ. ಪಟ್ಟಿಯ ಸೊನ್ನೆ ಎಂದರೆ ದಿನದ ಅತಿ ಕೆಳಗಿನ ಇಳಿತದ ಸರಾಸರಿ ಮಟ್ಟ, ಅದಕ್ಕಿಂತಲೂ ಕೆಳಗೆ ಹೋಗುವ ದಿನ ಸಿಕ್ಕಿದರೆ ಕಚೇರಿಗೆ ರಜೆ ಹಾಕಿಯಾದರೂ ಹೋಗಿ. ನಮ್ಮಪ್ಪ ಕುಮಟೆಯ ಕಡೆಯವರು. ಅವರು ಮೊಬೈಲಿನ ಪಟ್ಟಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಊರಿನಿಂದ ತಂದಿದ್ದ ಪಂಚಾಂಗ ತೆರೆದು, "ಅಮಾವಾಸ್ಯೆಯ ಮರುದಿನ ಹೋಗೋಣ, ನೀರು ದೂರ ಸರಿದಿರುತ್ತದೆ" ಎಂದರು. ಪಟ್ಟಿ ಹೇಳಿದ್ದೂ ಅದನ್ನೇ.

ಇನ್ನೊಂದು ವಿಷಯ ಅಪ್ಪನಿಗೂ ಹೊಸದು. ಈ ಕರಾವಳಿಯಲ್ಲಿ ಬೇಸಿಗೆಯ ದೊಡ್ಡ ಇಳಿತಗಳು ನಸುಕಿನಲ್ಲಿ ಆಗಿಹೋಗುತ್ತವೆ, ಚಳಿಗಾಲದವು ಮಧ್ಯಾಹ್ನದ ಮೇಲೆ ಬರುತ್ತವೆ. ಉದ್ಯಾನದ ಬಾಗಿಲು ತೆರೆಯುವುದೇ ಬೆಳಿಗ್ಗೆ 8ಕ್ಕೆ. ಹಾಗಾಗಿ ಜೂನ್, ಜುಲೈನಲ್ಲಿ ಹೋದರೆ ಸಿಗುವುದು ಮಂಜು, ಜನಜಂಗುಳಿ ಮತ್ತು ಕಾಲಿಟ್ಟರೆ ಜೋಮು ಹಿಡಿಸುವ ನೀರು. ನನಗೆ ಜಾತ್ರೆಯಂಥ ಗದ್ದಲ ಸಹಿಸಲಾಗದು, ಬೇಸಿಗೆಯ ಶನಿವಾರ ಅಲ್ಲಿಗೆ ಹೋಗಿ ಎಂದು ಯಾರಿಗೂ ಹೇಳುವುದಿಲ್ಲ. ನಾವು ಹೋದದ್ದು ಡಿಸೆಂಬರಿನ ಒಂದು ವಾರದ ದಿನ.

ಚಳಿಗಾಲಕ್ಕೆ ಇನ್ನೊಂದು ಕಾರಣ ಮೊನಾರ್ಕ್ ಚಿಟ್ಟೆಗಳು. ಅಕ್ಟೋಬರ್ ಮಧ್ಯದಿಂದ ಅವು ಇಲ್ಲಿನ ನೀಲಗಿರಿ ಮರಗಳ ತೋಪಿಗೆ ಬಂದು ಸೇರುತ್ತವೆ. ತೋಪು ಒಂದು ಸಣ್ಣ ಕಣಿವೆಯಲ್ಲಿದೆ, ಕಡಲಗಾಳಿ ನೇರವಾಗಿ ಹೊಡೆಯುವುದಿಲ್ಲ, ಚಳಿಗಾಲದಲ್ಲೂ ಮರಗಳಲ್ಲಿ ಹೂವಿರುತ್ತದೆ. ಅಲ್ಲಿಗೆ ಇಳಿಯಲು ಮರದ ಹಲಗೆಯ ದಾರಿಯಿದೆ. ಮಂಡಿನೋವಿನ ಅಮ್ಮ ಕೋಲಿಲ್ಲದೆ ನಡೆದರು. ತಲೆಯೆತ್ತಿ ಒಂದಿಷ್ಟು ಹೊತ್ತು ನೋಡಿದರೂ ಅವರಿಗೆ ಏನೂ ಕಾಣಿಸಲಿಲ್ಲ. ಮುದುಡಿಕೊಂಡ ಚಿಟ್ಟೆಗಳ ಗೊಂಚಲು ಒಣಗಿದ ತರಗೆಲೆಯ ಹಾಗೆಯೇ ಇರುತ್ತದೆ. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಚಳಿ ಇದ್ದರೆ ಅವು ಹಾರಲಾರವು. ಹನ್ನೊಂದೂವರೆಯ ಹೊತ್ತಿಗೆ ಬಿಸಿಲು ಆ ಕೊಂಬೆಗೆ ತಗುಲಿತು, ಗೊಂಚಲು ಒಡೆಯಿತು, ಕೇಸರಿ ರೆಕ್ಕೆಗಳು ತಲೆಯ ಮೇಲೆಲ್ಲ ಹರಡಿದವು. ಅಮ್ಮ ನನ್ನ ಕೈ ಹಿಡಿದುಕೊಂಡು ಮಾತಿಲ್ಲದೆ ನಿಂತರು. ಆದ್ದರಿಂದ ಬೆಳಿಗ್ಗೆ ಒಂಬತ್ತಕ್ಕೇ ಹೋದರೂ ಏನೂ ಇಲ್ಲವೆಂದು ಹಿಂದಿರುಗಬೇಡಿ. ಬಿಸಿಲು ಬರುವ ತನಕ ಕಾಯಿರಿ.

ಸಾವಿರಗಟ್ಟಲೆ ಚಿಟ್ಟೆಗಳ ಹಳೆಯ ಫೋಟೊಗಳನ್ನು ನಂಬಿಕೊಂಡು ಮಾತ್ರ ಹೋಗಬೇಡಿ. ಅಮೆರಿಕದ ಪಶ್ಚಿಮ ಭಾಗದ ಮೊನಾರ್ಕ್‌ಗಳು ಬಹಳ ಕಡಿಮೆಯಾಗಿವೆ. 2020ರ ಚಳಿಗಾಲದ ಎಣಿಕೆಯಲ್ಲಿ ಇಡೀ ಪಶ್ಚಿಮ ಭಾಗದಲ್ಲಿ ಸಿಕ್ಕಿದ್ದು 2,000ಕ್ಕೂ ಕಡಿಮೆ. ಮರುವರ್ಷ ಎರಡು ಲಕ್ಷ ದಾಟಿತು, 2024ರಲ್ಲಿ ಮತ್ತೆ 9,119ಕ್ಕೆ ಕುಸಿಯಿತು. ಹೊರಡುವ ಮೊದಲು ಉದ್ಯಾನದ ಕಚೇರಿಗೆ ಫೋನ್ ಮಾಡಿ ಕೇಳಿ.

ಊಟಕ್ಕೆ ಮಿಷನ್ ಸ್ಟ್ರೀಟ್‌ಗೆ ಹೋಗಿ. ಕಡಲಕಟ್ಟೆಯ ಹೋಟೆಲುಗಳಲ್ಲಿ ನೋಟಕ್ಕೆ ಹಣ ಕೊಡಬೇಕು. ಮಿಷನ್ ಸ್ಟ್ರೀಟ್ ಎಂದರೆ ಊರೊಳಗೆ ಹಾಯುವ ಹೈವೇ 1, ಅಲ್ಲಿ ಸಣ್ಣ ಮೆಕ್ಸಿಕನ್ ಅಂಗಡಿಗಳಿವೆ. ನಾವು ಹೊಕ್ಕದ್ದರಲ್ಲಿ ಮೇಜುಗಳು ನಾಲ್ಕೋ ಐದೋ, ಗೋಡೆಯ ಮೇಲೆ ಫುಟ್‌ಬಾಲ್ ನಡೆಯುತ್ತಿದ್ದ ಟಿವಿ. ಮೂವರಿಗೆ 35 ಡಾಲರ್ ಆಗಲಿಲ್ಲ. ಕಾವಲಿಯಲ್ಲಿ ಆಗತಾನೆ ಸುಟ್ಟ ಮೆಕ್ಕೆಜೋಳದ ತೊರ್ತಿಯಾ ರೊಟ್ಟಿ, ಕಪ್ಪು ಅವರೆಯಂಥ ಬೀನ್ಸ್, ಬಾಡಿಸಿದ ದೊಣ್ಣೆಮೆಣಸು, ಕೊತ್ತಂಬರಿ, ಹಸಿ ಈರುಳ್ಳಿ, ಮೇಲೆ ಹಿಂಡಲು ನಿಂಬೆ. ಸುಟ್ಟ ಮೆಣಸಿನಕಾಯಿಯ ಕೆಂಪು ಚಟ್ನಿಯನ್ನು ಅಪ್ಪ ಮತ್ತೆ ಮತ್ತೆ ಹಾಕಿಸಿಕೊಂಡರು. ಅಮೆರಿಕಕ್ಕೆ ಬಂದ ಮೇಲೆ ಅವರು ಹೊರಗೆ ಹೊಟ್ಟೆ ತುಂಬ ಉಂಡದ್ದು ಅದೇ ಮೊದಲು. ಅಡುಗೆ ಮಾಡುತ್ತಿದ್ದ ಹೆಂಗಸು ಅದನ್ನು ಗಮನಿಸಿ ಒಂದು ಡಬ್ಬಿ ಚಟ್ನಿ ಕಟ್ಟಿಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ.

ಸಸ್ಯಾಹಾರಿಗಳು ಅಲ್ಲಿ ಎರಡು ಪ್ರಶ್ನೆ ಕೇಳಲೇಬೇಕು. ಅರೆದ ಬೀನ್ಸ್‌ಗೆ ಹಲವು ಕಡೆ ಹಂದಿಯ ಕೊಬ್ಬು ಹಾಕುತ್ತಾರೆ. ಟೊಮೆಟೊ ಹಾಕಿದ ಕೆಂಪನ್ನವನ್ನು ಕೋಳಿ ಬೇಯಿಸಿದ ನೀರಿನಲ್ಲಿ ಮಾಡುವುದುಂಟು. "ವೆಜಿಟೇರಿಯನ್" ಎಂದು ಹೇಳಿದರೆ ಮಾಂಸದ ತುಂಡು ತೆಗೆದುಕೊಡುತ್ತಾರೆ, ಇವು ಉಳಿದುಬಿಡುತ್ತವೆ. ಬೀನ್ಸ್‌ಗೆ ಏನು ಹಾಕಿದ್ದೀರಿ, ಅನ್ನ ಯಾವುದರಲ್ಲಿ ಬೇಯಿಸಿದ್ದೀರಿ ಎಂದು ಬಿಡಿಸಿ ಕೇಳಿ. ಬೇಸರ ಮಾಡಿಕೊಳ್ಳುವುದಿಲ್ಲ.

ಎರಡೂವರೆಗೆ ಮರಳಿಗೆ ಇಳಿದೆವು. ಮೊದಲು ಇಲ್ಲಿ ಮೂರು ಕಲ್ಲು ಕಮಾನುಗಳಿದ್ದವು. ಹೊರಗಿನದು 20ನೇ ಶತಮಾನದ ಆರಂಭದಲ್ಲಿ ಬಿತ್ತು, ಒಳಗಿನದನ್ನು 1980ರ ಬಿರುಗಾಳಿ ಕೆಡವಿತು. ಈಗ ನಡುವಿನದು ಮಾತ್ರ. ಮೆತ್ತನೆಯ ಮಣ್ಣುಕಲ್ಲು, ಅದೂ ಒಂದು ದಿನ ಹೋಗುತ್ತದೆ. ಅದರ ಮೇಲೆ ಹತ್ತಬೇಡಿ, ಹತ್ತಲು ಬಿಡುವುದೂ ಇಲ್ಲ. ನಿಮ್ಮ ಹೊತ್ತನ್ನು ದಂಡೆಯ ಪಶ್ಚಿಮದ ತುದಿಯ ಬಂಡೆಹಾಸಿಗೆ ಉಳಿಸಿಕೊಳ್ಳಿ. ನೀರು ಸರಿದ ಮೇಲೆ ಅಲ್ಲಿನ ಹೊಂಡಗಳಲ್ಲಿ ಹೂವಿನಂತೆ ಕಾಣುವ ಹಸಿರು ಕಡಲಜೀವಿ ಸೀ ಅನಿಮೋನ್‌ಗಳು, ಖಾಲಿ ಶಂಖ ಹೊತ್ತು ನಡೆಯುವ ಏಡಿಗಳು, ಬಂಡೆಗೆ ಕಚ್ಚಿಕೊಂಡ ಕಪ್ಪು ಚಿಪ್ಪುಗಳು ಕಾಣುತ್ತವೆ. 2013ರಿಂದ ಹಬ್ಬಿದ ರೋಗದಲ್ಲಿ ಈ ಕರಾವಳಿಯ ನಕ್ಷತ್ರಮೀನುಗಳು ಲೆಕ್ಕವಿಲ್ಲದಷ್ಟು ಸತ್ತವು. ಬಂಡೆಯ ಸಂದಿಯಲ್ಲಿ ನೇರಳೆ ಬಣ್ಣದ ಒಂದನ್ನು ಅಪ್ಪ ಹುಡುಕಿ ತೋರಿಸಿದಾಗ ನನಗಾದ ಸಂತೋಷ ದೊಡ್ಡದು. ಯಾವುದನ್ನೂ ಕೀಳಬೇಡಿ, ಖಾಲಿ ಚಿಪ್ಪನ್ನೂ ಜೇಬಿಗೆ ಹಾಕಿಕೊಳ್ಳಬೇಡಿ. ಅಡಿ ಜಾರದ ಬೂಟು ಬೇಕು. ಅಮ್ಮ ಸೀರೆಯ ಮೇಲೆ ಸ್ವೆಟರ್ ತೊಟ್ಟು ಮರಳಿನ ಮೇಲೆಯೇ ಕುಳಿತರು, ಅದೇ ಸರಿ. ಕಡಲಿಗೆ ಬೆನ್ನು ಹಾಕಬೇಡಿ, ಇಲ್ಲಿ ದೊಡ್ಡ ಅಲೆ ಸೂಚನೆ ಕೊಡದೆ ಬರುತ್ತದೆ.

ನನಗೆ ಕೋಪ ಬಂದದ್ದು ರಾತ್ರಿ. ಅಮ್ಮನಿಗೆ ಆಯಾಸವಾಗುತ್ತದೆಂದು ಕಡಲ ಬಳಿಯ ಒಂದು ಮೋಟೆಲಿನಲ್ಲಿ ಕೋಣೆ ಕಾದಿರಿಸಿದ್ದೆ. ತೋರಿಸಿದ ದರ 189 ಡಾಲರ್. ಕೌಂಟರಿನಲ್ಲಿ "ಸೌಲಭ್ಯ ಶುಲ್ಕ"ವೆಂದು 30, ಕಾರು ನಿಲ್ಲಿಸಲು 25 ಸೇರಿಸಿದರು, ತೆರಿಗೆ ಬೇರೆ. ಸೌಲಭ್ಯ ಯಾವುದೆಂದು ಕೇಳಿದರೆ ಈಜುಕೊಳವಂತೆ. ಅದಕ್ಕೆ ಬೀಗ ಹಾಕಿತ್ತು. ಕೋಣೆಯ ಹೀಟರ್ ಸದ್ದು ಮಾಡುತ್ತಿತ್ತೇ ಹೊರತು ಬಿಸಿ ಮಾಡಲಿಲ್ಲ, ಹಾಸುಗಂಬಳಿಯಿಂದ ಮುಗ್ಗಲು ವಾಸನೆ. ನಿಮಗೆ ತಿಳಿದಿರಲಿ: ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ, ಕಡ್ಡಾಯವಾಗಿ ವಸೂಲು ಮಾಡುವ ಶುಲ್ಕವನ್ನು ಜಾಹೀರಾತಿನ ದರದೊಳಗೇ ತೋರಿಸಬೇಕೆಂಬ ಕಾನೂನಿದೆ, ಸರ್ಕಾರದ ತೆರಿಗೆ ಬಿಟ್ಟು. ಅದನ್ನು ಹೇಳಿ ಪಟ್ಟು ಹಿಡಿದ ಮೇಲೆ 30 ಡಾಲರ್ ತೆಗೆದರು. ಎಷ್ಟು ಮಂದಿ ಕೇಳದೆ ಕೊಟ್ಟು ಹೋಗಿದ್ದಾರೋ! ಕಾದಿರಿಸಿದಾಗಿನ ದರದ ಚಿತ್ರವನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಸ್ಯಾನ್ ಹೋಸೆ ಸುತ್ತಮುತ್ತ ಇರುವವರಿಗೆ ರಾತ್ರಿ ತಂಗುವ ಅಗತ್ಯವೇ ಇಲ್ಲ.

ಉದ್ಯಾನದೊಳಗೆ ಕಾರಿಗೆ ನಾವು ಕೊಟ್ಟದ್ದು 10 ಡಾಲರ್, ನಡೆದು ಹೋದರೆ ಉಚಿತ. ಸಾರ್ವಜನಿಕ ಗ್ರಂಥಾಲಯದ ಕಾರ್ಡ್ ಇದ್ದರೆ ಸ್ಟೇಟ್ ಪಾರ್ಕ್ ಪಾಸನ್ನು ಪುಸ್ತಕದಂತೆಯೇ ಎರವಲು ತರಬಹುದು. ಬೇಡಿಕೆ ಹೆಚ್ಚು, ವಾರಗಳ ಮೊದಲೇ ಸರದಿಗೆ ಹೆಸರು ಹಾಕಿ. ಸೂರ್ಯಾಸ್ತಕ್ಕೆ ಬಾಗಿಲು ಮುಚ್ಚುತ್ತಾರೆ, ಡಿಸೆಂಬರಿನಲ್ಲಿ ಅದು ಐದು ಗಂಟೆಗೂ ಮೊದಲು.

ಹಿಂದಿರುಗುವಾಗ ಹೈವೇ 17ರ ಘಾಟಿ ತಿರುವುಗಳಲ್ಲಿ ವಾಕರಿಕೆ ಬರುವ ಹಿರಿಯರಿದ್ದರೆ ಹೈವೇ 1 ಹಿಡಿದು ಹಾಫ್ ಮೂನ್ ಬೇ ತನಕ ಹೋಗಿ, ಅಲ್ಲಿಂದ 92ರಲ್ಲಿ ಗುಡ್ಡ ದಾಟಿ. ಸಮಯ ಹೆಚ್ಚು ಹಿಡಿಯುತ್ತದೆ, ತಿರುವು ಕಡಿಮೆ. ಕತ್ತಲಾಗುವ ಮೊದಲು ಹೊರಡಿ, ದಾರಿಯಲ್ಲಿ ದೀಪವೂ ಕಡಿಮೆ, ಮೊಬೈಲ್ ಸಿಗ್ನಲ್ಲೂ ಕಡಿಮೆ.