ನಾಲ್ಕನೇ ಪ್ರತಿವಾದಿ

ನವೆಂಬರ್ 20, 2025, ಗುರುವಾರ
ಧಾರವಾಡ

ಸಂಜೆ ನಮ್ಮ ವಕೀಲಿ ಆಫೀಸಿಗೆ ಬೀಗ ಹಾಕುವ ಹೊತ್ತಿಗೆ ರೋಣದ ಕಡೆಯವರೊಬ್ಬರು ಬಂದರು. ಕಾಕಾ ಕಳಿಸಿದ್ದು. ಕಾಕಾ ಕಳಿಸಿದ ಕೇಸು ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಫೀ ಕೇಳುವ ಹಾಗಿಲ್ಲ, ಆಗಲ್ಲ ಅನ್ನುವ ಹಾಗೂ ಇಲ್ಲ.

ಕೈಯಲ್ಲಿ ಅರಿವೆ ಅಂಗಡಿಯ ಚೀಲ. ಅದರಲ್ಲಿ ಮಗಳ ಕಾಗದಗಳು. ಒಂದೊಂದನ್ನೂ ಲ್ಯಾಮಿನೇಷನ್ ಮಾಡಿಸಿದ್ದರು. ನೀಟ್ ಅಂಕಪಟ್ಟಿ, ಜಾತಿ ಸರ್ಟಿಫಿಕೇಟು, ಗ್ರಾಮೀಣ, ಕನ್ನಡ ಮಾಧ್ಯಮ. ಆಧಾರ್ ಕಾರ್ಡಿನ ಝೆರಾಕ್ಸನ್ನೂ ಬಿಟ್ಟಿರಲಿಲ್ಲ. ಟೇಬಲ್ ಮೇಲೆ ಇಟ್ಟರೆ ಒಂದರ ಮೇಲೊಂದು ಜಾರಿ ಬೀಳುತ್ತಿದ್ದವು. ಅವರು ಮತ್ತೆ ಮತ್ತೆ ಜೋಡಿಸುತ್ತ ಮಾತಾಡಿದರು.

"ನಮ್ ಹುಡುಗಿ ಮೂರು ನಂಬರ್ ಮುಂದ ಅದಾಳ್ರಿ ಮೇಡಮ್ಮಾರ. ಹಿಂದಿನಾಕಿಗೆ ಸೀಟ್ ಹೋತು."

ಯಾವ ಕಾಲೇಜು, ಯಾವ ಕಚೇರಿ ಅಂತ ಇಲ್ಲಿ ಬರೆಯುವುದಿಲ್ಲ. ಅರ್ಜಿ ಇನ್ನೂ ಹಾಕಿಲ್ಲ, ಆ ಕಡೆಯವರ ಉತ್ತರ ಏನೋ ನಾನೂ ಕೇಳಿಲ್ಲ. ವಿಷಯ ಇಷ್ಟು. ಮೆಡಿಕಲ್ ಸೀಟು ಹಂಚಿಕೆಯ ಕೊನೆಯ ಸುತ್ತು ಮುಗಿದ ಮೇಲೆ ಯಾರೋ ಒಬ್ಬರು ಸೀಟು ಬಿಟ್ಟಿದ್ದಾರೆ. ಖಾಲಿಯಾದ ಆ ಒಂದು ಸೀಟಿಗೆ ಅರ್ಹರು ಇಂತಿಂಥವರು, ಅಸಲು ದಾಖಲೆ ಮತ್ತು ಡಿಡಿ ಸಮೇತ ಬರಬೇಕು ಅಂತ ವೆಬ್‌ಸೈಟಿನಲ್ಲಿ ನೋಟಿಸ್ ಹಾಕಿದ್ದು ರಾತ್ರಿ 9:40ಕ್ಕೆ. ಹಾಜರಾಗಬೇಕಾದದ್ದು ಮರುದಿನ ಮಧ್ಯಾಹ್ನ 12ರ ಒಳಗೆ. ಕಾಲೇಜು ಇರುವುದು ಬೆಂಗಳೂರಿನ ಆಚೆ, ರೋಣದಿಂದ 400 ಕಿಲೋಮೀಟರ್ ಮೇಲೆಯೇ.

ರಾತ್ರಿ 9:40ಕ್ಕೇ ನೋಡಿದ್ದರೂ ಏನಾಗುತ್ತಿತ್ತು ಅಂತ ಲೆಕ್ಕ ಹಾಕಿದೆ. ರೋಣದಿಂದ ಗದಗಕ್ಕೆ ಬರಬೇಕು, ಅಲ್ಲಿಂದ ಬೆಂಗಳೂರು ಬಸ್ಸು ಹಿಡಿಯಬೇಕು. ಹಿಡಿದರು ಅಂತಲೇ ಇಟ್ಟುಕೊಳ್ಳೋಣ. ಹುಡುಗಿಯ ಅಸಲು ಅಂಕಪಟ್ಟಿ ಇರುವುದು ಇಲ್ಲೇ ಧಾರವಾಡದಲ್ಲಿ, ಬಿಎಸ್ಸಿಗೆ ಸೇರಿದ ಕಾಲೇಜಿನ ಕಪಾಟಿನಲ್ಲಿ. ಕಾಲೇಜು ತೆರೆಯುವುದು ಬೆಳಿಗ್ಗೆ. ಬ್ಯಾಂಕು ತೆರೆದು ಡಿಡಿ ಕೊಡುವುದು 10 ಗಂಟೆಯ ಮೇಲೆ. ಅಂದರೆ ಎಚ್ಚರವಿದ್ದು, ಇಂಟರ್ನೆಟ್ ಇದ್ದು, ಕಾರು ಇದ್ದರೂ ಆ ಹುಡುಗಿ 12 ಗಂಟೆಗೆ ಅಲ್ಲಿ ನಿಲ್ಲಲು ಸಾಧ್ಯವೇ ಇರಲಿಲ್ಲ. ಇದನ್ನು ಅರ್ಜಿಯಲ್ಲಿ ಹೀಗೇ ಗಂಟೆ ಪ್ರಕಾರ ಬರೆಯಬೇಕು. ಸಮಾನತೆಯ ಹಕ್ಕು, ಆರ್ಟಿಕಲ್ 14 ಅಂತ ಉದ್ದುದ್ದ ಬರೆಯುವುದಕ್ಕಿಂತ ಬಸ್ಸಿನ ಟೈಮಿಂಗ್ ಬರೆದರೆ ಜಡ್ಜರಿಗೆ ಬೇಗ ತಿಳಿಯುತ್ತದೆ.

ಆದರೆ ಆ ಕಡೆಯ ವಕೀಲರು ಎದ್ದು ನಿಂತು ಮೊದಲು ಓದುವುದು ಮಾಹಿತಿ ಪುಸ್ತಕದ ಒಂದು ಸಾಲು. 'ಅಭ್ಯರ್ಥಿಗಳು ಆಗಾಗ ವೆಬ್‌ಸೈಟ್ ಗಮನಿಸುತ್ತಿರತಕ್ಕದ್ದು, ಪ್ರತ್ಯೇಕವಾಗಿ ತಿಳಿಸಲಾಗುವುದಿಲ್ಲ.' ಯಾವ ಪರೀಕ್ಷೆಯ ಪುಸ್ತಕ ತೆಗೆದರೂ ಇಂಥದ್ದೊಂದು ಸಾಲು ಇದ್ದೇ ಇರುತ್ತದೆ. ಬರೆಯುವವರಿಗೆ ಅದೊಂದು ಬೇಲಿ. ಆಗಾಗ ಅಂದರೆ ಎಷ್ಟು ಹೊತ್ತಿಗೊಮ್ಮೆ? ರಾತ್ರಿ ಊಟದ ಮೇಲೂ? ಕೋರ್ಟುಗಳು ಈ ಸಾಲನ್ನು ಸುಮ್ನೆ ತಳ್ಳಿಹಾಕುವುದಿಲ್ಲ, ಅದೂ ನಿಜ. ಸಾವಿರಾರು ಅಭ್ಯರ್ಥಿಗಳಿಗೆ ಒಬ್ಬೊಬ್ಬರಿಗೂ ಕಾಗದ ಬರೆಯಲು ಆಗುವುದಿಲ್ಲ ಅನ್ನುವುದು ನ್ಯಾಯವೇ. ಆದರೆ ಇಲ್ಲಿ ಸಾವಿರಾರು ಜನ ಎಲ್ಲಿದ್ದಾರೆ? ಒಂದು ಸೀಟು, ಪಟ್ಟಿಯಲ್ಲಿ ಹತ್ತು ಹೆಸರು. ಹತ್ತು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು, ಅಲ್ವಾ?

"ಮೆಸೇಜ್ ಬಂದಿಲ್ಲೇನ್ರಿ ಅಣ್ಣಾರ?" ಅಂದೆ.

"ಬಂದಿಲ್ರಿ."

"ಫೋನ್ ಕೊಡ್ರಿ ನೋಡೂಣು."

ಜೇಬಿನಿಂದ ತೆಗೆದು ಕೊಟ್ಟರು. ಬಟನ್ ಫೋನು. ಅಂಕಿಗಳು ಅಳಿಸಿಹೋಗಿವೆ. 5ರ ಮೇಲಿನ ಚುಕ್ಕಿ ಒಂದೇ ಉಳಿದಿದೆ. ಪರದೆಯ ಮೂಲೆಯಲ್ಲಿ ಸಣ್ಣದೊಂದು ಲಕೋಟೆ ಮಿಣುಕುತ್ತಿತ್ತು. ಒತ್ತಿ ನೋಡಿದರೆ ಇನ್‌ಬಾಕ್ಸ್ ಫುಲ್. ರೀಚಾರ್ಜ್, ಸಾಲ ಬೇಕಾ, ರಮ್ಮಿ ಆಡಿ, ಬೆಳೆ ವಿಮೆ, ಮತ್ತೆ ರೀಚಾರ್ಜ್. ಹೊಸದು ಒಂದೂ ಒಳಗೆ ಬರುವ ಹಾಗಿಲ್ಲ. ಪ್ರವೇಶದ ಅರ್ಜಿಯಲ್ಲಿ ಕೊಟ್ಟ ನಂಬರು ಇದೇ. ಇಮೇಲ್ ಮಾತ್ರ ಆನ್‌ಲೈನ್ ಸೆಂಟರಿನ ಹುಡುಗನದು. ಆ ಹುಡುಗನೇ ಮರುದಿನ ಮೂರು ಗಂಟೆಗೆ ನೋಡಿ ಫೋನ್ ಮಾಡಿದ್ದು. ಅಷ್ಟೊತ್ತಿಗೆ ಸೀಟು ಇನ್ನೊಬ್ಬಳ ಹೆಸರಿಗೆ ಬರೆದಾಗಿತ್ತು.

ಮೆಸೇಜ್ ಕಳಿಸಿದ್ದರೋ ಇಲ್ಲವೋ ದೇವರೇ ಬಲ್ಲ. ಕಳಿಸಿದ್ದೆವು ಅಂತ ಅವರು ಮೆಸೇಜ್ ಹೋದ ದಾಖಲೆಯ ಒಂದು ಲಾಗ್ ತಂದು ಹಾಜರುಪಡಿಸಿದರೆ ಈ ಫೋನು ನಮಗೇ ತಿರುಗುತ್ತದೆ. ಅದನ್ನು ಅಣ್ಣಾರಿಗೆ ಹೇಳಿದೆ. "ಒಂದೂ ಅಳಿಸಬ್ಯಾಡ್ರಿ, ಹಂಗ ಇಡ್ರಿ" ಅಂದೆ. "ಅಳಸಾಕ ಬರಂಗಿಲ್ಲ ಬಿಡ್ರಿ ನನಗ" ಅಂದರು. ನಗು ಬಂತು, ಅವರೂ ನಕ್ಕರು.

ನಮ್ಮ ಸೀನಿಯರ್ ವಕೀಲರು, ಸರ್‌ಗೆ ಫೋನ್ ಹಚ್ಚಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ. ಯಾವಾಗ ಗೊತ್ತಾಯ್ತು, ಯಾವಾಗ ಬಂದರು. ಮೆಡಿಕಲ್ ಸೀಟಿನ ಕೇಸಿನಲ್ಲಿ ಮೆರಿಟ್ಟಿಗಿಂತ ಮೊದಲು ನೋಡುವುದು ಇದನ್ನೇ. 2012ರಲ್ಲಿ ರೋಹ್ಟಕ್‌ನ ಕೇಸೊಂದರಲ್ಲಿ ಸುಪ್ರೀಂ ಕೋರ್ಟು ಕೊನೆಯ ತಾರೀಖು ಪವಿತ್ರ ಅಂತ ಹೇಳುತ್ತಲೇ, ತಪ್ಪು ವಿದ್ಯಾರ್ಥಿಯದಲ್ಲದಿದ್ದರೆ ಅಪರೂಪಕ್ಕೆ ಬಾಗಿಲು ತೆರೆಯಬಹುದು ಅಂದಿತ್ತು. 2014ರಲ್ಲಿ ಚಂಡೀಗಢದ ಕೇಸಿನಲ್ಲಿ, ಮುಂದಿನ ವರ್ಷಕ್ಕೆ ಸೀಟು ಎತ್ತಿಡಲು ಬರುವುದಿಲ್ಲ, ಬೇಕಿದ್ದರೆ ಪರಿಹಾರದ ದುಡ್ಡು ಕೊಡಿ ಅಂದರು. ವೈದ್ಯಳಾಗಬೇಕಾದವಳ ಕೈಗೆ ಚೆಕ್ಕು! ಕೊನೆಗೆ 2019ರ ಡಿಸೆಂಬರ್ 13ಕ್ಕೆ ಎಸ್. ಕೃಷ್ಣ ಶ್ರದ್ಧಾ ಕೇಸಿನಲ್ಲಿ ಮೂವರು ಜಡ್ಜರು ಕೂತು ಅದನ್ನು ತಿದ್ದಿದರು. ತಪ್ಪು ಅವಳದಲ್ಲ, ಅವಳು ತಡಮಾಡದೆ ಕೋರ್ಟಿಗೆ ಬಂದಿದ್ದಾಳೆ ಅಂದರೆ ಅದೇ ವರ್ಷ ಸೀಟು ಕೊಡಿಸಬಹುದು. ಒಂದೋ ಎರಡೋ ಸೀಟು ಹೆಚ್ಚು ಮಾಡಿಸಬಹುದು. ಆಗಲಿಲ್ಲವೆಂದರೆ ಮುಂದಿನ ವರ್ಷ ಕೊಡಿಸಬಹುದು, ತಪ್ಪು ಮ್ಯಾನೇಜ್‌ಮೆಂಟಿನದಾದರೆ ಅವರ ಕೋಟಾದಿಂದಲೇ ಕೀಳಬಹುದು. ಎಂಬಿಬಿಎಸ್‌ಗೆ ಮಾತ್ರ ಈ ಮಾತು.

ತಡಮಾಡದೆ ಅನ್ನುವುದು ಇವರ ವಿಷಯದಲ್ಲಿ ಸ್ವಲ್ಪ ತೊಡಕು. ಮೊದಲು ಕಾಲೇಜಿಗೆ ಹೋಗಿದ್ದಾರೆ. ಗೇಟಿನಲ್ಲೇ ಕೂರಿಸಿದರಂತೆ. ಆಮೇಲೆ ಊರ ಹಿರಿಯರೊಬ್ಬರ ಚೀಟಿ ಹಿಡಿದು ಯಾರದೋ ಮನೆಗೆ. ನಡುವೆ ಗೋವಿನಜೋಳ. "ಬೆಂಬಲ ಬೆಲಿ ಕ್ವಿಂಟಲ್‌ಗೆ 2,400 ಅಂತಾರ್ರೀ, ಪ್ಯಾಟ್ಯಾಗ ಅಷ್ಟಕ್ಕ ಕೇಳಾವ್ರ ಇಲ್ಲ. ಮಾರಬೇಕೋ ಇಟ್ಕೋಬೇಕೋ ತಿಳೀವಲ್ದು." ಸೀಟಿನ ಮಾತು ಬಿಟ್ಟು ಹತ್ತು ನಿಮಿಷ ಅದನ್ನೇ ಹೇಳಿದರು. ಅವರಿಗೆ ಎರಡೂ ಒಂದೇ ವಾರದ ಚಿಂತೆ. ನಾನು ಅಫಿಡವಿಟ್ಟಿನಲ್ಲಿ ಗೋವಿನಜೋಳ ಬರೆಯುವ ಹಾಗಿಲ್ಲ.

ಒಂದು ಸಮಾಧಾನ. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಅದಿಲ್ಲದಿದ್ದರೆ ಬೆಂಗಳೂರಿಗೆ ಒಂದೇ ರಾತ್ರಿಯಲ್ಲಿ ಹೋಗಲಾಗಲಿಲ್ಲ ಅನ್ನುವ ಕೇಸು ಹಾಕಲಿಕ್ಕೂ ಬೆಂಗಳೂರಿಗೇ ಹೋಗಬೇಕಿತ್ತು.

ಈಗ ನನ್ನನ್ನು ಕಾಡುತ್ತಿರುವ ಮಾತಿಗೆ ಬರುತ್ತೇನೆ.

ಪ್ರತಿವಾದಿಗಳು ಯಾರ್ಯಾರು ಅಂತ ಬರೆದುಕೊಳ್ಳುತ್ತಿದ್ದೆ. ಒಂದು ರಾಜ್ಯ ಸರ್ಕಾರ, ಎರಡು ಪ್ರವೇಶ ನಡೆಸುವವರು, ಮೂರು ಕಾಲೇಜು. ನಾಲ್ಕಕ್ಕೆ ಬಂದು, ಸೀಟು ಸಿಕ್ಕ ಹುಡುಗಿಯ ಹೆಸರು ಏನ್ರಿ ಅಂದೆ. ಪಟ್ಟಿಯ ಪ್ರಿಂಟು ತೋರಿಸಿದರು. ಹೆಸರು, ನಂಬರು, ಕೆಟಗರಿ, ಅಷ್ಟೇ. ಊರು ಇಲ್ಲ, ಅಪ್ಪನ ಹೆಸರಿಲ್ಲ.

"ಆಕಿ ಹೆಸರ್ ಯಾಕ್ರಿ?"

"ಆಕಿನೂ ಪಾರ್ಟಿ ಮಾಡಬೇಕಾಗ್ತೈತ್ರಿ. ಆಕಿ ಸೀಟಿಗೆ ಧಕ್ಕೆ ಬರೋ ಆರ್ಡರ್ ಕೇಳಾಕತ್ತೀವಿ. ಆಕಿಗೆ ನೋಟಿಸ್ ಕೊಡದ, ಆಕಿ ಮಾತು ಕೇಳದ ಕೋರ್ಟು ಏನೂ ಮಾಡಂಗಿಲ್ಲ."

ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಜಾರಿದ ಲ್ಯಾಮಿನೇಷನ್ ಹಾಳೆಗಳನ್ನು ಮತ್ತೆ ಜೋಡಿಸಿದರು.

"ಎಷ್ಟ್ ದಿನಾ ಕೊಡ್ತಾರ್ರೀ ಆಕಿಗೆ?"

"ಒಂದ್ ವಾರ ಕೊಡಬಹುದು. ಮನಿಗೇ ಹೋಗಿ ಮುಟ್ಟಸ್ತಾರ. ವಕೀಲರನ್ನ ಇಟ್ಕೋಳಾಕೂ ಟೈಮ್ ಕೊಡ್ತಾರ."

"ನಮ್ಮಾಕಿಗೆ ಒಂದ್ ರಾತ್ರಿ. ಅದೂ ಕಂಪ್ಯೂಟರ್‌ದಾಗ." ಸಿಟ್ಟಿನಿಂದ ಹೇಳಲಿಲ್ಲ. ಗೋವಿನಜೋಳದ ರೇಟು ಹೇಳಿದ ಹಾಗೇ ಹೇಳಿದರು. ಆಮೇಲೆ, "ಆಕಿದೇನ್ ತಪ್ಪೈತ್ರಿ ಇದ್ರಾಗ? ಆಕಿ ಅಪ್ಪನೂ ಡಿಡಿ ಹಿಡ್ಕೊಂಡು ಓಡಿರ್ತಾನ. ಒಂದ್ ಸೀಟ್ ಹೆಚ್ಚಿಗಿ ಕೊಡಾಕ ಬರತೈತಿ ಅಂದ್ರೆಲ್ಲ, ಅಷ್ಟ ಕೇಳ್ರಿ. ಎಬ್ಬಸೂದು ಬ್ಯಾಡ್ರಿ."

ನನಗೆ ಗೊತ್ತಿರುವ ಕಾನೂನು ಹೇಳಿದೆ. ಅದೇ 2019ರ ತೀರ್ಪಿನಲ್ಲೇ ಅದೂ ಇದೆ. ಪಟ್ಟಿಯ ಕೊನೆಯಲ್ಲಿರುವ, ಇವಳು ಬಂದಿದ್ದರೆ ಸೀಟೇ ಸಿಗುತ್ತಿರಲಿಲ್ಲ ಅನ್ನುವಂಥ ವಿದ್ಯಾರ್ಥಿಯ ಪ್ರವೇಶವನ್ನು ಕೋರ್ಟು ರದ್ದು ಮಾಡಬಹುದು, ಆದರೆ ಅವಳ ಮಾತು ಕೇಳಿದ ಮೇಲೆ. ಬರೀ ಹೆಚ್ಚುವರಿ ಸೀಟು ಕೇಳಿ, ಅದು ಆಗುವುದಿಲ್ಲ ಅಂತ ಜಡ್ಜರು ಅಂದುಬಿಟ್ಟರೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೇ ಎರಡನ್ನೂ ಬರೆಯುವುದು ರೂಢಿ. ಇದು ಇಲ್ಲವಾದರೆ ಅದು. ಅಣ್ಣಾರು ತಲೆ ಆಡಿಸಿದರು. ಒಪ್ಪಿದ್ದೋ, ಮಾತು ಸಾಕು ಅಂದದ್ದೋ ತಿಳಿಯಲಿಲ್ಲ.

ಮೆಡಿಕಲ್ ಸೀಟಿನ ದೊಡ್ಡ ದೊಡ್ಡ ಕೇಸುಗಳು ಹುಟ್ಟಿದ್ದು ನಮ್ಮ ರಾಜ್ಯದಲ್ಲೇ, ನೋಡಿ. ಮೋಹಿನಿ ಜೈನ್, 1992. ಮೀರತ್‌ನ ಹುಡುಗಿ, ತುಮಕೂರಿನ ಕಾಲೇಜು, ಹೊರರಾಜ್ಯದವರಿಗೆ ವರ್ಷಕ್ಕೆ 60,000 ಫೀ, ಸರ್ಕಾರಿ ಸೀಟಿಗೆ 2,000. ಕ್ಯಾಪಿಟೇಷನ್, ಅಂದರೆ ಸೀಟಿಗೆ ಅಂತ ಹೆಚ್ಚಿನ ದುಡ್ಡು ವಸೂಲಿ, ಕೂಡದು ಅಂದರು. 2002ರಲ್ಲಿ ಟಿಎಂಎ ಪೈ ಕೇಸಿಗೆ 11 ಜಡ್ಜರು ಕೂತರು. ಮರುವರ್ಷ ಇಸ್ಲಾಮಿಕ್ ಅಕಾಡೆಮಿ ಕೇಸು. ಆಗೆಲ್ಲ ಜಗಳ ದುಡ್ಡಿನದು, ಯಾರ ಕೋಟಾ ಎಷ್ಟು ಅನ್ನುವುದರದು. ಈಗ ಆಫೀಸಿಗೆ ಬರುವ ಕೇಸುಗಳಲ್ಲಿ ಜಗಳ ಗಂಟೆಗಳದು. ಲಿಂಕ್ ಯಾವಾಗ ತೆರೆಯಿತು, ಯಾವಾಗ ಮುಚ್ಚಿತು, ಸರ್ವರ್ ಎಷ್ಟು ಹೊತ್ತು ಮಲಗಿತ್ತು.

ತಿಳಿದವರಿಗೂ ಇದು ತಪ್ಪಿದ್ದಲ್ಲ. 2021ರಲ್ಲಿ ಸೂಪರ್ ಸ್ಪೆಷಾಲಿಟಿ ನೀಟ್‌ಗೆ ಓದುತ್ತಿದ್ದವರು ಎಂಡಿ, ಎಂಎಸ್ ಮುಗಿಸಿದ ವೈದ್ಯರು. ಜುಲೈನಲ್ಲಿ ಪರೀಕ್ಷೆಯ ತಾರೀಖು ಹೇಳಿದರು, ನವೆಂಬರಿನಲ್ಲಿ ಪರೀಕ್ಷೆ. ಆಗಸ್ಟ್ 31ಕ್ಕೆ ಪ್ರಶ್ನೆಪತ್ರಿಕೆಯ ಸ್ವರೂಪವನ್ನೇ ಬದಲಿಸಿದರು. ಈ ಯುವ ವೈದ್ಯರನ್ನು ಅಧಿಕಾರದ ಆಟದಲ್ಲಿ ಫುಟ್‌ಬಾಲ್ ಮಾಡಬೇಡಿ ಅಂತ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚಂದ್ರಚೂಡ್ ಅವರು ಹೇಳಿಯೇ ಹೇಳಿದರು. ಸರ್ಕಾರ ಹಿಂದೆ ಸರಿಯಿತು, ಹೊಸ ಪದ್ಧತಿ ಮುಂದಿನ ವರ್ಷಕ್ಕೆ ಹೋಯಿತು. ಅವರಿಗೆ ಎರಡು ತಿಂಗಳ ಮೇಲೆ ಟೈಮ್ ಇತ್ತು, ದಿಲ್ಲಿಯಲ್ಲಿ ದೊಡ್ಡ ವಕೀಲರಿದ್ದರು. ಇವರಿಗೆ ನಾನು.

ಅವ್ವ ಎದ್ದು ಬಂದು, ಇನ್ನೂ ಲೈಟ್ ಹಚ್ಚಿಕೊಂಡು ಕೂತಿದ್ದೀಯಾ, ಚಳಿ ಬಿಟ್ಟಿದೆ ಕಿಟಕಿ ಹಾಕು ಅಂದು ಹೋದಳು. ಕರೆಂಟು ಬಿಲ್ಲಿನ ಮಾತನ್ನು ನಾಳೆಗೆ ಇಟ್ಟುಕೊಂಡಿದ್ದಾಳೆ.

ಅಣ್ಣಾರು ಹೊರಡುವಾಗ ವಕಾಲತ್ತಿಗೆ ಸಹಿ ಹಾಕಲು ಪೆನ್ನು ತೆಗೆದಿದ್ದರು. ನಿಮ್ಮ ಸಹಿ ನಡೆಯಂಗಿಲ್ರಿ ಅಂದೆ. ಹುಡುಗಿಗೆ 18 ತುಂಬಿದೆ, ಅರ್ಜಿದಾರಳು ಅವಳೇ, ಅಫಿಡವಿಟ್ಟೂ ಅವಳದೇ. "ಆಕಿಗಿನ್ನೂ ಹೇಳಿಲ್ರಿ ನಾವು" ಅಂದರು. ಏನು ಹೇಳಿಲ್ಲ? ಕೇಸು ಹಾಕುವುದನ್ನೋ? ಅಲ್ಲವಂತೆ. ಸೀಟು ಬಂದು ಹೋದದ್ದನ್ನೇ ಹೇಳಿಲ್ಲವಂತೆ. ಮೊದಲೇ ಹಾಸ್ಟೆಲ್ಲಿನಲ್ಲಿ ಸರಿಯಾಗಿ ಊಟ ಮಾಡುವುದಿಲ್ಲ, ಪರೀಕ್ಷೆ ಬೇರೆ ಹತ್ತಿರ ಬಂದಿದೆ, ತಲೆ ಕೆಡಿಸಿಕೊಳ್ಳುತ್ತಾಳೆ ಅಂತ ತಾಯಿ ಬೇಡ ಅಂದಳಂತೆ. ಅವಳ ಹಾಸ್ಟೆಲ್ಲು ಸಪ್ತಾಪುರದಲ್ಲಿ, ನಮ್ಮ ಆಫೀಸಿನಿಂದ ನಡೆದು ಹೋಗುವಷ್ಟು ದೂರ.

"ನೀವ ಹೇಳ್ರಿ ಮೇಡಮ್ಮಾರ, ನಾಳೆ ಕರ್ಕೊಂಡ್ ಬರ್ತೀನಿ."

ಎಲ್ಲಿಂದ ಶುರು ಮಾಡಲಿ? ಮೂರು ನಂಬರ್ ಮುಂದೆ ಇದ್ದೆ ಅಂತ ಮೊದಲು ಹೇಳಬೇಕೋ, ಇಲ್ಲಾ ನಾಲ್ಕನೇ ಪ್ರತಿವಾದಿಯ ಹೆಸರು ತೋರಿಸಿ ಇವಳನ್ನು ಏಳಿಸು ಅಂತ ಕೇಳಲು ಒಪ್ಪಿಗೆ ಇದೆಯಾ ಅಂತ ಅವಳನ್ನೇ ಕೇಳಬೇಕೋ. ಅವಳು ಬ್ಯಾಡ ಅಂದರೆ ಅಣ್ಣಾರಿಗೆ ಏನು ಹೇಳುವುದು, ಹೂಂ ಅಂದರೆ ಆ ಹುಡುಗಿಯ ವಿಳಾಸ ಎಲ್ಲಿ ಹುಡುಕುವುದು, ಶನಿವಾರದೊಳಗೆ ಕೋರ್ಟಿನಲ್ಲಿ ಅರ್ಜಿಗೆ ನಂಬರ್ ಆಗದಿದ್ದರೆ ಸೋಮವಾರಕ್ಕೆ…