ಹಂಗಾರ ಇದು ಅವರ ಪುಸ್ತಕ ಅನ್ರಿ

ಕಳೆದ ಮಂಗಳವಾರ ಕಲಬುರಗಿಯಿಂದ ಸೇಡಂಗೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಆಡಿದ ಮಾತು ಈ ವಾರವಿಡೀ ನನ್ನ ಓದಿನ ಬೆನ್ನು ಬಿಟ್ಟಿಲ್ಲ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ನನ್ನ ತೊಡೆಯ ಮೇಲೆ ತೆರೆದುಕೊಂಡಿತ್ತು. ತಲೆಗೆ ಬಿಳಿ ಪಟಕಾ ಸುತ್ತಿದ್ದ ಆ ಹಿರಿಯರು ಬಹಳ ಹೊತ್ತು ಪುಟದ ಮೇಲಿನ ಗಿಡದ ಚಿತ್ರವನ್ನೇ ನೋಡುತ್ತಿದ್ದು ಕೊನೆಗೆ ಕೇಳಿದರು:

"ಏನ್ ಓದ್ಲಿಕತ್ತೀರಿ ಸರ?"

"ಗಿಡಗಂಟಿ ಬಗ್ಗೆ ಕಾಕಾ. ಮಲೆನಾಡಿನ ಅಡವಿದು."

"ಇದ್ರಾಗ ನಮ್ಮ ಕಡೀದು ಏನರೆ ಅದ ಏನ್ರಿ?"

"ಇಲ್ಲ ಕಾಕಾ."

"ಹಂಗಾರ ಇದು ಅವರ ಪುಸ್ತಕ ಅನ್ರಿ."

ಅದರಲ್ಲಿ ವ್ಯಂಗ್ಯವಿರಲಿಲ್ಲ, ಬೇಸರವೂ ಇರಲಿಲ್ಲ. ಬೇರೆಯವರ ವಿಳಾಸದ ಕಾಗದ ತಮ್ಮ ಮನೆಗೆ ಬಂದರೆ ಅಂಚೆಯವನಿಗೆ ಹಿಂದಿರುಗಿಸುವಷ್ಟೇ ಸಹಜವಾಗಿ ಹೇಳಿ ಅವರು ಕಿಟಕಿಯ ಕಡೆ ತಿರುಗಿದರು. ಹೊರಗೆ ಕಟಾವು ಮುಗಿದ ತೊಗರಿಯ ಹೊಲಗಳು ಸಾಗುತ್ತಿದ್ದವು. ಮಳಖೇಡದಲ್ಲಿ ಅವರು ಇಳಿದುಹೋದರು.

ಈ ಪ್ರಸಂಗವನ್ನು ಪದವಿ ಕಾಲೇಜಿನಲ್ಲಿ ಕನ್ನಡ ಕಲಿಸುವ ಗೆಳೆಯರೊಬ್ಬರಿಗೆ ಹೇಳಿದಾಗ ಅವರು ನಕ್ಕು, ಇದು ಸಂಕುಚಿತ ಮನೋಭಾವ, ಸಾಹಿತ್ಯಕ್ಕೆ ಊರುಕೇರಿಯ ಹಂಗಿಲ್ಲ ಎಂದು ತೀರ್ಪು ಕೊಟ್ಟರು. ಗೆಳೆಯರ ಮೇಲೆ ನನಗೆ ಗೌರವವಿದೆ, ಆದರೆ ಈ ತೀರ್ಪು ಅವರಿಗೆ ತೀರ ಸುಲಭಕ್ಕೆ ಬಂತು. ಅವರು ಓದಿದ ಪಠ್ಯಗಳಲ್ಲಿ ಮೈಸೂರು, ಧಾರವಾಡ, ಮಲೆನಾಡು ಕೇಳದೆಯೇ ಸಿಗುತ್ತಿದ್ದವು. ಮೈಸೂರಿನ ಓದುಗ ಪುಸ್ತಕದಲ್ಲಿ ತನ್ನ ಊರು ಇದೆಯೇ ಎಂದು ಯಾರನ್ನೂ ಕೇಳಬೇಕಾಗಿಲ್ಲ, ಏಕೆಂದರೆ ಅದು ಇದ್ದೇ ಇರುತ್ತದೆ. ಸಿಗದವರಷ್ಟೇ ಕೇಳುತ್ತಾರೆ. ಆ ಹಿರಿಯರ ಪ್ರಶ್ನೆ ಸಣ್ಣದೆಂದು ನನಗೆ ಅನ್ನಿಸಲೇ ಇಲ್ಲ. ಹಾಗಾಗಿ ಇತ್ತೀಚೆಗೆ ಓದಿದ ಪುಸ್ತಕಗಳನ್ನೆಲ್ಲ ಅದೇ ಪ್ರಶ್ನೆಯ ಎದುರು ನಿಲ್ಲಿಸಿ ನೋಡುತ್ತಿದ್ದೇನೆ.

'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ ಕೃತಿ. ಸಸ್ಯವಿಜ್ಞಾನದ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟದ ಕಾಡು ಸುತ್ತಿದ ಕಥನ ಇಷ್ಟು ನಗಿಸಬಹುದೆಂದು ಮೊದಲ ಸಲ ಓದುವವರು ನಂಬುವುದಿಲ್ಲ. ಸ್ವಾಮಿಯವರು ವಿಜ್ಞಾನವನ್ನು ಸಕ್ಕರೆಯಲ್ಲಿ ಅದ್ದಿ ಕೊಡುವುದಿಲ್ಲ. ಲ್ಯಾಟಿನ್ ಹೆಸರು, ಹೂವಿನ ರಚನೆ, ಎಲೆಯ ಜೋಡಣೆ ಎಲ್ಲವೂ ಇರಬೇಕಾದ ಕಡೆ ಇದ್ದೇ ಇವೆ, ನಡುವೆ ಕೀಟಲೆಯೂ ಇದೆ. ಅದನ್ನು ಓದಿದ ಮೇಲೆ ನಮ್ಮ ಓಣಿಯ ಬೇವಿನ ಮರದ ಬುಡದಲ್ಲಿ ನಿಂತು ಅದರ ಎಲೆಯ ಅಂಚಿನ ಗರಗಸವನ್ನು ಬೆರಳಿನಿಂದ ಸವರಿ ನೋಡಿದೆ. ನಡುನರದ ಎರಡೂ ಬದಿಗಳು ಸಮನಾಗಿಲ್ಲ, ಒಂದು ಬದಿ ಕೊಂಚ ಅಗಲ. ಇಷ್ಟು ವರ್ಷ ಯುಗಾದಿಗೆ ಅದೇ ಎಲೆಯನ್ನು ಬೆಲ್ಲದೊಡನೆ ತಿಂದ ಕೈ ಇದು. ನಮ್ಮ ಜಿಲ್ಲೆಯ ಚಿಂಚೋಳಿಯಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಾಡಿದೆ. ಬೇಸಗೆಯಲ್ಲಿ ಎಲೆ ಉದುರಿಸಿ ಬರಿ ಕೊಂಬೆಯಾಗಿ ನಿಲ್ಲುವ ಒಣ ಸೀಮೆಯ ಕಾಡು ಅದು. ಆ ಕಾಡಿನೊಳಗೆ ಕರೆದೊಯ್ದು ಇಷ್ಟೇ ಪ್ರೀತಿಯಿಂದ, ಇಷ್ಟೇ ತಂಟೆಯಿಂದ ಒಂದೊಂದು ಗಿಡದ ಮುಂದೆ ನಿಲ್ಲಿಸುವ ಪುಸ್ತಕ ನನ್ನ ಕೈಗೆ ಸಿಕ್ಕಿಲ್ಲ. ಸ್ವಾಮಿಯವರ ಮೇಲೆ ಇದು ದೂರಲ್ಲ. ಅವರು ತಾವು ನಡೆದ ಕಾಡನ್ನು ಬರೆದರು. ನಮ್ಮ ಕಾಡಿನಲ್ಲಿ ನಡೆದವರೂ ಇರಲೇಬೇಕು.

ಇತಿಹಾಸದ ಕಡೆ ಬಂದರೆ ಕೊರತೆಯ ಸ್ವರೂಪವೇ ಬೇರೆ. ರಿಚರ್ಡ್ ಈಟನ್ ಅವರು ದಖ್ಖನ್ನಿನ ಸಾಮಾಜಿಕ ಇತಿಹಾಸವನ್ನು ಎಂಟು ಬದುಕುಗಳ ಮೂಲಕ ಹೇಳುವ ಇಂಗ್ಲಿಷ್ ಗ್ರಂಥ 2005ರಲ್ಲಿ ಬಂದದ್ದು. ನಾನು ಓದಿದ್ದು ಈಗ. ಆ ಎಂಟರಲ್ಲಿ ಎರಡು ಬದುಕು ನಮ್ಮವು. ಒಂದು ಕಲಬುರಗಿಯ ಖ್ವಾಜಾ ಬಂದೇ ನವಾಜರದು. ತೈಮೂರನ ದಾಳಿಯ ಹೊತ್ತಿಗೆ, 1398ರಲ್ಲಿ, ಎಂಬತ್ತರ ಸಮೀಪದ ವಯಸ್ಸಿನಲ್ಲಿ ದೆಹಲಿ ಬಿಟ್ಟು ಹೊರಟು ಈ ಊರಿಗೆ ಬಂದು ನೆಲೆಸಿ 1422ರಲ್ಲಿ ಇಲ್ಲಿಯೇ ತೀರಿಕೊಂಡ ಸಂತರು. ಇನ್ನೊಂದು ಬೀದರಿನ ಮಹಮೂದ್ ಗವಾನನದು. ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಈತ 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ. ಪಾರಸಿಯ ಪತ್ರಗದ್ಯದಲ್ಲಿ ಅವನ ಹೆಸರು ಇಂದಿಗೂ ಉಳಿದಿದೆ. ಅಂಥವನನ್ನು 1481ರಲ್ಲಿ ಕೊಲ್ಲಿಸಿದ್ದು ವಿರೋಧಿಗಳು ಅವನ ಮುದ್ರೆಯೊತ್ತಿಸಿಕೊಂಡು ಬರೆದ ಒಂದು ಸುಳ್ಳು ಪತ್ರ. ಕಾದಂಬರಿಕಾರರು ಇದನ್ನು ಕಲ್ಪಿಸಿದ್ದರೆ ಅತಿಯಾಯಿತೆಂದು ವಿಮರ್ಶಕರು ಗೊಣಗುತ್ತಿದ್ದರು.

ಈ ಅಧ್ಯಾಯಗಳನ್ನು ಓದುತ್ತಾ ಬಸ್ಸಿನ ಹಿರಿಯರಿಗೆ ಮನಸ್ಸಿನಲ್ಲಿಯೇ ಉತ್ತರ ಕೊಟ್ಟುಕೊಂಡೆ: ಕಾಕಾ, ಇದರಲ್ಲಿ ನಮ್ಮ ಕಡೆಯದು ಇದೆ. ಆದರೆ ಆ ಉತ್ತರ ಅವರ ಮುಂದೆ ನಿಲ್ಲುತ್ತಿತ್ತೋ ಇಲ್ಲವೋ. ಇಬ್ಬರೂ ಹೊರಗಿನಿಂದ ಬಂದು ನಮ್ಮ ಊರುಗಳನ್ನು ದೊಡ್ಡದು ಮಾಡಿದವರು. ಅವರು ಬರುವಾಗ ಇಲ್ಲಿ ಮೊದಲೇ ಇದ್ದವರು ಪುಟದ ಅಂಚಿನಲ್ಲಿಯೂ ಕಷ್ಟಪಟ್ಟು ಕಾಣುತ್ತಾರೆ. ಈಟನ್ ಈ ಅನ್ಯಾಯ ಅರಿಯದವರಲ್ಲ, ಅದಕ್ಕಾಗಿಯೇ ತೆಲಂಗಾಣದ ಕಳ್ಳಿಳಿಸುವ ಸಮುದಾಯದ ಬಂಡುಕೋರ ಪಾಪಡುವಿಗೂ ಒಂದು ಪೂರ್ತಿ ಅಧ್ಯಾಯ ಕೊಟ್ಟಿದ್ದಾರೆ, ಮತ್ತು ನನ್ನ ಮಟ್ಟಿಗೆ ಪುಸ್ತಕದ ಅತ್ಯುತ್ತಮ ಅಧ್ಯಾಯ ಅದೇ. ಬೀದರಿನ ಮದರಸಾದ ಮುಂದೆ ನಿಂತು, ಉಳಿದಿರುವ ಆ ಒಂದು ಮಿನಾರಿನ ನೀಲಿ ಹೆಂಚುಗಳನ್ನು ನೋಡಿದವರಿಗೆ ಕಟ್ಟಿಸಿದವನ ಹೆಸರು ಗೊತ್ತಾಗುತ್ತದೆ. ಕಲ್ಲು ಹೊತ್ತವರ ಹೆಸರು ಗೊತ್ತಾಗುವ ಉಪಾಯವಿಲ್ಲ.

ಇನ್ನು ಮಳಖೇಡ. ಆ ಹಿರಿಯರು ಚೀಲ ಹೆಗಲಿಗೇರಿಸಿ ಇಳಿದುಹೋದ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥ 'ಕವಿರಾಜಮಾರ್ಗ' ಅಲ್ಲಿ ಆಳಿದ ನೃಪತುಂಗನ ಕಾಲದ್ದು, ಒಂಬತ್ತನೆಯ ಶತಮಾನದ್ದು. ಕಾವೇರಿಯಿಂದ ಗೋದಾವರಿಯವರೆಗಿನ ನಾಡು ಕನ್ನಡದ್ದೆಂಬ ಸಾಲನ್ನು ನವೆಂಬರ್ ತಿಂಗಳಲ್ಲಿ ಉದ್ಧರಿಸದ ಭಾಷಣಕಾರರಿಲ್ಲ. ಅದರ ಮುಂದಿನ ಮಾತನ್ನು ಅಷ್ಟೇ ಉತ್ಸಾಹದಿಂದ ಯಾರೂ ಓದುವುದಿಲ್ಲ. ಆ ವಿಶಾಲ ನಾಡಿನಲ್ಲಿ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಗ್ರಂಥ ಹೆಸರಿಸುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳನ್ನು. ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಕಡೆಯ ಸೀಮೆಯನ್ನು. ರಾಜಧಾನಿಯಾದ ಮಾನ್ಯಖೇಟ ಆ ನಾಲ್ಕರಲ್ಲಿ ಇಲ್ಲ. ನಮ್ಮ ನೆಲದ ಅರಮನೆಯ ಗ್ರಂಥವೇ ತಿರುಳಿನ ಗೆರೆ ಎಳೆಯುವಾಗ ನಮ್ಮನ್ನು ಗೆರೆಯ ಆಚೆ ಬಿಟ್ಟಿದೆ. ಇದರಿಂದ ನನಗೆ ದುಃಖವಾಗಲಿಲ್ಲ, ನಿಜ ಹೇಳಬೇಕೆಂದರೆ ನಗು ಬಂತು. ಬೆಂಗಳೂರಿನಲ್ಲಿ ನಮ್ಮ ಮಾತು ಕೇಳಿ ಇದೆಂಥ ಕನ್ನಡವೆಂದು ಹುಬ್ಬೇರಿಸುವವರಿಗೆ ಸಾವಿರ ವರ್ಷ ದಾಟಿದ ಪರಂಪರೆಯೊಂದು ಬೆನ್ನಿಗಿದೆಯೆಂದು ಇಷ್ಟು ದಿನ ತಿಳಿದಿರಲಿಲ್ಲ. ಆದರೂ ಬೇರೆ ಸೀಮೆಯ ಕನ್ನಡವನ್ನು ಮೇಲೆಂದು ಒಪ್ಪಿಕೊಳ್ಳುವ ಧೈರ್ಯ ಒಂದು ರಾಜಧಾನಿಗೆ ಇತ್ತೆಂಬುದನ್ನು ಮೆಚ್ಚದೆ ಇರಲಾರೆ. ಈಗಿನ ರಾಜಧಾನಿಗಳಿಗೆ ಆ ಧೈರ್ಯವಿದೆಯೇ ಎಂದು ಕೇಳುವುದು ಇಲ್ಲಿ ಬೇಡ.

ಊರಿನ ಹೆಸರಿಲ್ಲದೆಯೂ ನಮ್ಮ ಕಡೆಯದಾಗುವ ಬರಹವಿದೆ ಎಂಬುದಕ್ಕೆ ಬಾನು ಮುಷ್ತಾಕ್ ಅವರ 'ಎದೆಯ ಹಣತೆ' ಸಾಕ್ಷಿ. 2025ರಲ್ಲಿ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಎಲ್ಲರಂತೆ ನಾನೂ ಆ ಕತೆಗಳಿಗೆ ಮರಳಿದೆ. ಗಂಡ ಬೇರೊಬ್ಬಳ ಹಿಂದೆ ಹೋದನೆಂದು ಕೂಸನ್ನೆತ್ತಿಕೊಂಡು ತವರಿಗೆ ಬಂದ ಮೆಹರುನ್‌ಳನ್ನು ಅಣ್ಣತಮ್ಮಂದಿರೇ ಮರಳಿ ಗಂಡನ ಮನೆಗೆ ಬಿಟ್ಟು ಬರುತ್ತಾರೆ; ರಾತ್ರಿ ಸೀಮೆಎಣ್ಣೆ ಸುರಿದುಕೊಂಡು ನಿಂತ ತಾಯಿಯನ್ನು ತಡೆಯುವವಳು ಹಿರಿಯ ಮಗಳು. ಲೇಖಕಿ ಹಾಸನದವರು, ಆದರೆ ಆ ತವರುಮನೆಯ ಪಡಸಾಲೆಯಲ್ಲಿ ಮರ್ಯಾದೆಯ ಲೆಕ್ಕ ಹಾಕುವ ಗಂಡಸರನ್ನು ನಾನು ಈ ಊರಿನಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದ ಮನೆಗಳಲ್ಲಿ ಕಂಡಿದ್ದೇನೆ. ಬಸ್ಸಿನಲ್ಲಿ ನನ್ನ ಕೈಯಲ್ಲಿ ಈ ಕತೆ ಇದ್ದಿದ್ದರೆ ಕಾಕಾನ ಪ್ರಶ್ನೆಗೆ ಇಲ್ಲವೆನ್ನಲು ಬಾಯಿ ಬರುತ್ತಿರಲಿಲ್ಲ.

ಆದರೂ ಊರು ತನ್ನ ಹೆಸರು, ತನ್ನ ನಾಲಿಗೆಯೊಡನೆಯೇ ಪುಸ್ತಕಕ್ಕೆ ಬಂದಾಗಿನ ತೃಪ್ತಿ ಬೇರೆ. ಗೀತಾ ನಾಗಭೂಷಣ ಅವರ 'ಬದುಕು' ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿದೆ. ಇಲ್ಲಿ ನಿರೂಪಣೆ ಇಸ್ತ್ರಿ ಮಾಡಿದ ಕನ್ನಡದಲ್ಲಿದ್ದು ಪಾತ್ರಗಳಷ್ಟೇ ಹಳ್ಳಿಯ ಮಾತಾಡುವ ಹಳೆಯ ಏರ್ಪಾಡಿನ ತೋರಿಕೆಯಿಲ್ಲ. ಕಲಬುರಗಿ ಸೀಮೆಯ ದುಡಿಯುವ ಜನ ತಮ್ಮ ಬೈಗುಳ, ತಮ್ಮ ಅಳು, ತಮ್ಮ ನಗೆಯೊಂದಿಗೆ ಒಳಗೆ ಬಂದು ಕೂರುತ್ತಾರೆ. ಕಾದಂಬರಿ ಉದ್ದವಾಯಿತು, ಕೆಲವು ಕಡೆ ಕತ್ತರಿ ಬೇಕಿತ್ತು ಎಂದು ನನಗೂ ಅನ್ನಿಸಿದೆ. ಓದಲಾಗಲಿಲ್ಲವೆಂದು ಬೆಂಗಳೂರಿನ ಸಂಬಂಧಿಕರೊಬ್ಬರು ಪುಸ್ತಕ ಹಿಂದಿರುಗಿಸಿದಾಗ, ಜೋರಾಗಿ ಓದಿ ನೋಡಿ ಎಂದು ಮತ್ತೆ ಅವರ ಕೈಗೇ ಕೊಟ್ಟೆ. ನಾವು ಬೇರೆ ಸೀಮೆಗಳ ಕನ್ನಡವನ್ನು ತಕರಾರಿಲ್ಲದೆ ಕಲಿತು ಓದಿದವರು. ಈ ಸಣ್ಣ ಶ್ರಮವನ್ನು ಅವರಿಂದ ಕೇಳುವ ಹಕ್ಕು ನಮಗಿದೆ.

ಕೊನೆಯದಾಗಿ ಓದಿದ್ದು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಆತ್ಮಕತೆ. ಆತ ತೀರಿಕೊಂಡ ಮರುವರ್ಷ, 1877ರಲ್ಲಿ ಪ್ರಕಟವಾದ ಈ ಪುಸ್ತಕದಲ್ಲಿ ಸುರಪುರವಿರುವಷ್ಟು ದಟ್ಟವಾಗಿ ನಮ್ಮ ಭಾಗದ ಇನ್ನೊಂದು ಊರು ಆ ಕಾಲದ ಇಂಗ್ಲಿಷ್ ಬರಹದಲ್ಲಿ ಇರುವುದನ್ನು ನಾನು ಕಂಡಿಲ್ಲ. 1853ರವರೆಗೆ ಸುಮಾರು ಒಂದು ದಶಕ ಆತ ಅಲ್ಲಿಯ ಆಡಳಿತ ನಡೆಸಿದ. ಅವನ ಬಂಗಲೆ ಇಂದಿಗೂ ಟೇಲರ್ ಮಂಜಿಲ್ ಎಂದೇ ನಿಂತಿದೆ. ಕೆರೆ, ಗುಡ್ಡ, ಬೇಡರ ಪಡೆ, ರಾಜನಕೋಳೂರಿನ ಪ್ರಾಚೀನ ಕಲ್ಗೋರಿಗಳು, ಎಲ್ಲದರ ಮೇಲೂ ಅವನಿಗೆ ನಿಜವಾದ ಕುತೂಹಲವಿತ್ತು. ತನ್ನ ಕಣ್ಣೆದುರು ಬೆಳೆದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ತಿರುಗಿಬಿದ್ದು ಸೆರೆಯಾದಾಗ ಸಿಕಂದರಾಬಾದಿಗೆ ಹೋಗಿ ಭೇಟಿಯಾದುದನ್ನು ಬರೆಯುವ ಪುಟಗಳು ಓದುಗನ ಗಂಟಲು ಕಟ್ಟಿಸುತ್ತವೆ. ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದ ಆ ತರುಣನ ಸಾವನ್ನು ಟೇಲರ್ ಒಂದು ರೀತಿ ಹೇಳುತ್ತಾನೆ, ಹುತಾತ್ಮನೆಂದು ನೆನೆಯುವ ಸುರಪುರ ಇನ್ನೊಂದು ರೀತಿ ಹೇಳುತ್ತದೆ. ರಾಜನ ಪರವಾಗಿ ಹೀಗೆ ಊರಾದರೂ ಇದೆ. ಆದರೆ ಅವನ ತಾಯಿ ರಾಣಿ ಈಶ್ವರಮ್ಮನ ಬಗ್ಗೆ ಟೇಲರ್ ಪುಟಗಟ್ಟಲೆ ಕಟುವಾಗಿ, ನಡತೆಗೆಟ್ಟವಳೆಂಬ ಧಾಟಿಯಲ್ಲಿ ಬರೆದುಕೊಂಡು ಹೋಗುತ್ತಾನೆ. ಗಂಡ ಸತ್ತ ಮೇಲೆ ಎಳೆಯ ಮಗನ ಗಾದಿಗಾಗಿ ನಿಜಾಮರ ದರ್ಬಾರಿನೊಡನೆಯೂ ಕಂಪನಿಯೊಡನೆಯೂ ಸೆಣಸಬೇಕಾಗಿದ್ದ ಹೆಂಗಸು ಆಕೆ ಎಂಬುದು ಅವನದೇ ವಿವರಗಳ ಸಂದಿಯಿಂದ ಹೊರಗೆ ಇಣುಕುತ್ತದೆ, ಅವನ ತೀರ್ಪಿಗೆ ಮಾತ್ರ ಅದು ತಟ್ಟುವುದಿಲ್ಲ. ಈ ಪುಸ್ತಕದ ಬಗ್ಗೆ ಕಾಕಾ ಆಡಿದ ಮಾತೇ ಸರಿ: ಇದರ ತುಂಬ ನಮ್ಮ ಕಡೆಯದೇ ಇದೆ, ಆದರೆ ಪುಸ್ತಕ ಅವರದು. ಆ ರಾಣಿಯ ಕಡೆಯಿಂದ ಸುರಪುರದ ಆ ವರ್ಷಗಳನ್ನು ಯಾರಾದರೂ ಒಂದು ಕಾದಂಬರಿಯಾಗಿ ಬರೆಯಬೇಕು. ಬರೆಯುವವರು ಆ ಸೀಮೆಯ ಹೆಂಗಸೇ ಆಗಿದ್ದರೆ ಇನ್ನೂ ಒಳ್ಳೆಯದು, ಮತ್ತು ದಯವಿಟ್ಟು ಅಲ್ಲಿಯ ಮಾತಿನಲ್ಲಿಯೇ ಬರೆಯಲಿ.